‘ಇಂದ’, ‘ಗೆ’, ‘ಅಲ್ಲಿ’: ಇಂಗ್ಲಿಷ್ ವಾಕ್ಯದಲ್ಲಿ ಧಾರವಾಡದ ಹಳ್ಳಿಯ ಮಕ್ಕಳು ಎಡವುವುದೆಲ್ಲಿ?

ಧಾರವಾಡ: ಕುಂದಗೋಳ ತಾಲ್ಲೂಕಿನ ಹಳ್ಳಿಯೊಂದರ ವಾಣಿಜ್ಯ ಪದವೀಧರನೊಬ್ಬ ಹುಬ್ಬಳ್ಳಿಯಲ್ಲಿ ಕೆಲಸದ ಸಂದರ್ಶನಕ್ಕೆ ಕುಳಿತಿದ್ದಾನೆ ಎಂದು ಭಾವಿಸಬಹುದು. ಊರು, ಓದು, ಅನುಭವ ಕುರಿತು ಮೂರು ಸರಳ ಪ್ರಶ್ನೆಗಳು ಎದುರಾಗುತ್ತವೆ. ಆತನ ಉತ್ತರ ಬಹುಮಟ್ಟಿಗೆ ಹೀಗಿರುತ್ತದೆ: ‘ಐ ಆ್ಯಮ್ ಕಮಿಂಗ್ ಫ್ರಮ್ ಕುಂದಗೋಳ. ಐ ಹ್ಯಾವ್ ಪಾಸ್ಡ್ ಬಿ.ಕಾಂ. ಇನ್ 2022. ಐ ಆ್ಯಮ್ ವರ್ಕಿಂಗ್ ಇನ್ ಎ ಶಾಪ್ ಸಿನ್ಸ್ ಟೂ ಇಯರ್ಸ್.’

ಶಬ್ದಗಳೆಲ್ಲ ಸರಿಯಾಗಿವೆ. ಹೇಳಬೇಕಾದುದೂ ಎದುರಿನವರಿಗೆ ತಿಳಿದಿದೆ. ಆದರೂ ಮೂರು ವಾಕ್ಯಗಳಲ್ಲಿ ಮೂರೂ ತಪ್ಪು. ಮೊದಲನೆಯದರ ಅರ್ಥ ‘ಈಗಷ್ಟೇ ಕುಂದಗೋಳದಿಂದ ಬರುತ್ತಿದ್ದೇನೆ, ದಾರಿಯಲ್ಲಿದ್ದೇನೆ’ ಎಂದಾಗುತ್ತದೆ. ಊರನ್ನು ಹೇಳಲು ‘ಐ ಕಮ್ ಫ್ರಮ್ ಕುಂದಗೋಳ’ ಎನ್ನಬೇಕು. ಎರಡನೆಯದರಲ್ಲಿ ‘ಇನ್ 2022’ ಎಂದು ವರ್ಷ ಹೇಳಿದ ಮೇಲೆ ‘ಹ್ಯಾವ್’ ಬರುವಂತಿಲ್ಲ; ‘ಐ ಪಾಸ್ಡ್’ ಎಂದಷ್ಟೇ ಸಾಕು. ಮೂರನೆಯದು ‘ಐ ಹ್ಯಾವ್ ಬೀನ್ ವರ್ಕಿಂಗ್ ಇನ್ ಎ ಶಾಪ್ ಫಾರ್ ಟೂ ಇಯರ್ಸ್’ ಎಂದಿರಬೇಕಿತ್ತು.

ಇವು ಅಜ್ಞಾನದಿಂದ ಆದ ತಪ್ಪುಗಳೆಂದು ತಳ್ಳಿಹಾಕುವುದು ಸುಲಭ. ಆದರೆ ಮೂರೂ ವಾಕ್ಯಗಳನ್ನು ಕನ್ನಡಕ್ಕೆ ತಿರುಗಿಸಿ ನೋಡಿದರೆ ಬೇರೆಯೇ ಸಂಗತಿ ಹೊಳೆಯುತ್ತದೆ. ‘ಕುಂದಗೋಳದಿಂದ ಬರುತ್ತಿದ್ದೇನೆ’, ‘2022ರಲ್ಲಿ ಬಿ.ಕಾಂ. ಪಾಸಾಗಿದ್ದೇನೆ’, ‘ಎರಡು ವರ್ಷಗಳಿಂದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ’. ಕೊನೆಯ ಎರಡು ಅಪ್ಪಟ ಕನ್ನಡ ವಾಕ್ಯಗಳು. ಅಭ್ಯರ್ಥಿ ತನ್ನ ಭಾಷೆಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ. ಪಾಲಿಸಿದ್ದು ಇಂಗ್ಲಿಷಿನಲ್ಲಿ ಎಂಬುದೇ ತೊಂದರೆ.

ಪಣಕ್ಕಿರುವುದೇನು?

ನವಲಗುಂದ, ಅಣ್ಣಿಗೇರಿ, ಕಲಘಟಗಿ, ಕುಂದಗೋಳಗಳಿಂದ ಬರುವ ಯುವಕ ಯುವತಿಯರಿಗೆ ಇದು ಕೇವಲ ವ್ಯಾಕರಣದ ಚರ್ಚೆಯಲ್ಲ. ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳಿಂದ ತುಂಬಿರುವ ಧಾರವಾಡದ ಸಪ್ತಾಪುರದಲ್ಲಿ ಕೊಠಡಿ ಹಿಡಿದು ಓದುವವರಲ್ಲಿ ಇವರೂ ಇದ್ದಾರೆ. ಬ್ಯಾಂಕ್ ಗುಮಾಸ್ತ ಶ್ರೇಣಿಯ ನೇಮಕಾತಿಗಾಗಿ ಐಬಿಪಿಎಸ್ ನಡೆಸುವ ಪ್ರಾಥಮಿಕ ಪರೀಕ್ಷೆಯ 100 ಅಂಕಗಳಲ್ಲಿ 30 ಇಂಗ್ಲಿಷಿಗೆ ಮೀಸಲು. ಅದಕ್ಕೆ ದೊರೆಯುವ ಸಮಯ 20 ನಿಮಿಷ. ವಾಕ್ಯದಲ್ಲಿನ ತಪ್ಪು ಗುರುತಿಸುವ, ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಲ್ಲಿ ಕಾಲ ಮತ್ತು ಪ್ರಿಪೊಸಿಷನ್‌ಗಳದೇ ದೊಡ್ಡ ಪಾಲು. ಗಣಿತದಲ್ಲಿ ಮುಂದಿರುವ ಅಭ್ಯರ್ಥಿಯೂ ಇಲ್ಲಿ ಒಂದೆರಡು ಅಂಕ ಕಳೆದುಕೊಂಡು ಪಟ್ಟಿಯಿಂದ ಹೊರಗುಳಿಯಬಹುದು.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಆರಂಭವಾದದ್ದು 2007-08ರಲ್ಲಿ. ಅದಕ್ಕೆ ಮುನ್ನ ಐದನೆಯ ತರಗತಿಯಲ್ಲಿ ಎ, ಬಿ, ಸಿ, ಡಿ ಪ್ರಾರಂಭವಾಗುತ್ತಿತ್ತು. ಕಲಿಕೆಯ ವರ್ಷಗಳು ಹೆಚ್ಚಿದರೂ ತಪ್ಪಿನ ಸ್ವರೂಪ ಹೆಚ್ಚೇನೂ ಬದಲಾಗಿಲ್ಲ. ಹನ್ನೆರಡು ‘ಟೆನ್ಸ್’ಗಳ ಕೋಷ್ಟಕವನ್ನು ಬಾಯಿಪಾಠ ಮಾಡಿಸುವ ಪದ್ಧತಿ ಎಷ್ಟೋ ಕಡೆ ಹಾಗೆಯೇ ಉಳಿದಿದೆ. ಕನ್ನಡದ ಯಾವ ರೂಪ ಇಂಗ್ಲಿಷಿನ ಯಾವ ರೂಪಕ್ಕೆ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನು ಆ ಕೋಷ್ಟಕ ಹೇಳುವುದಿಲ್ಲ.

‘ಉಂಡೀನ್ರಿ’ ಎಂಬ ಉತ್ತರ

‘ಪ್ರೆಸೆಂಟ್ ಪರ್ಫೆಕ್ಟ್’ ಎಂದರೆ ವಿದ್ಯಾರ್ಥಿಗಳು ಬೆಚ್ಚುತ್ತಾರೆ. ಆದರೆ ಧಾರವಾಡ ಸೀಮೆಯ ಮನೆ ಮನೆಯಲ್ಲಿ ಅದು ದಿನಕ್ಕೆ ಹತ್ತು ಬಾರಿ ಕೇಳಿಬರುತ್ತದೆ. ‘ಊಟ ಆತೇನ್ರಿ?’ ಎಂದರೆ ‘ಉಂಡೀನ್ರಿ’ ಎಂಬ ಉತ್ತರ ಬರುತ್ತದೆ. ‘ಅವ ಬಂದಾನ’, ‘ಕೆಲಸ ಮಾಡ್ಯಾನ’, ‘ಪ್ಯಾಟಿಗಿ ಹೋಗ್ಯಾನ’ ಇವೆಲ್ಲ ಅದೇ ರೂಪಗಳು. ‘ಅವ ಬಂದ’ ಎಂದರೆ ಬಂದದ್ದು ನಡೆದುಹೋದ ಸಂಗತಿ; ‘ಅವ ಬಂದಾನ’ ಎಂದರೆ ಬಂದವನು ಈಗಲೂ ಇಲ್ಲಿದ್ದಾನೆ. ಗ್ರಂಥಸ್ಥ ಕನ್ನಡದಲ್ಲಿ ‘ಬಂದನು’ ಮತ್ತು ‘ಬಂದಿದ್ದಾನೆ’ ನಡುವೆ ಇರುವ ವ್ಯತ್ಯಾಸವೇ ಇದು. ಇಂಗ್ಲಿಷಿನ ‘ಹಿ ಕೇಮ್’ ಮತ್ತು ‘ಹಿ ಹ್ಯಾಸ್ ಕಮ್’ ನಡುವಿನದೂ ಅದೇ. ಹಳ್ಳಿಯ ಮಗುವಿಗೆ ಈ ಭೇದವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಮನೆಯ ಮಾತನ್ನು ‘ಅಶುದ್ಧ’ವೆಂದು ತರಗತಿಯಿಂದ ಹೊರಗಿಡುವ ಶಿಕ್ಷಕರು ಕೈಯಲ್ಲಿರುವ ಒಳ್ಳೆಯ ಸಾಧನವೊಂದನ್ನು ಕಳೆದುಕೊಳ್ಳುತ್ತಾರೆ.

ಎರಡೂ ಭಾಷೆಗಳು ಇಲ್ಲಿ ಬೇರೆಯಾಗುವುದು ಮುಖ್ಯವಾಗಿ ಒಂದು ಕಡೆ. ಕನ್ನಡದಲ್ಲಿ ‘ನಿನ್ನಿನ ಬಂದಾನ’ ಎನ್ನಬಹುದು. ನಿನ್ನೆ ಬಂದ, ಇನ್ನೂ ಇದ್ದಾನೆ ಎಂದರ್ಥ. ಇಂಗ್ಲಿಷ್ ಇದನ್ನು ಒಪ್ಪುವುದಿಲ್ಲ. ‘ಯೆಸ್ಟರ್‌ಡೇ’, ‘ಲಾಸ್ಟ್ ಇಯರ್’, ‘ಇನ್ 2022’, ‘ಟೂ ಡೇಸ್ ಅಗೋ’ ಎಂದು ಮುಗಿದುಹೋದ ಕಾಲವನ್ನು ಹೆಸರಿಸಿದ ಕೂಡಲೇ ‘ಹ್ಯಾವ್’, ‘ಹ್ಯಾಸ್’ ಜಾಗ ಖಾಲಿ ಮಾಡಬೇಕು. ‘ಅಣ್ಣಿಗೇರಿ ಹ್ಯಾಸ್ ಬಿಕಮ್ ಎ ತಾಲ್ಲೂಕು’ ಎನ್ನುವುದು ಸರಿ. ಅದೇ ವಾಕ್ಯಕ್ಕೆ ವರ್ಷ ಸೇರಿಸಿದೊಡನೆ ‘ಬಿಕೇಮ್’ ಎಂದಾಗಬೇಕು.

ವ್ಯಕ್ತಿ ತೀರಿಕೊಂಡಿದ್ದರೂ ಇದೇ ಜಾಗ್ರತೆ ಬೇಕು. ಸವಾಯಿ ಗಂಧರ್ವರು ಕುಂದಗೋಳದಲ್ಲಿ 1886ರಲ್ಲಿ ಜನಿಸಿ 1952ರಲ್ಲಿ ನಿಧನರಾದರು. ಅವರ ಬಗ್ಗೆ ‘ಹಿ ಹ್ಯಾಸ್ ಲಿವ್ಡ್ ಇನ್ ಕುಂದಗೋಳ’ ಎಂದು ಬರೆದರೆ ಅವರಿನ್ನೂ ನಮ್ಮ ನಡುವೆ ಇದ್ದಾರೆಂಬ ಅರ್ಥ ಬರುತ್ತದೆ. ‘ಹಿ ಲಿವ್ಡ್’ ಎಂಬುದೇ ಸರಿ.

ರೈಲಿನಲ್ಲಿ ‘ಹೋಗುತ್ತಿದ್ದರು’

ಸವಾಯಿ ಗಂಧರ್ವರ ಶಿಷ್ಯೆ ಗಂಗೂಬಾಯಿ ಹಾನಗಲ್ಲ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸಂಗೀತ ಕಲಿಯುತ್ತಿದ್ದರು ಎಂಬುದು ಈ ಭಾಗದಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಈ ಒಂದು ವಾಕ್ಯವನ್ನು ಇಂಗ್ಲಿಷಿಗೆ ತರಲು ಹೇಳಿದರೆ ಸಾಕು, ಎಡವುವ ತಾಣಗಳೆಲ್ಲ ಒಟ್ಟಿಗೇ ಕಾಣಿಸುತ್ತವೆ.

ಮೊದಲನೆಯದು ‘ಹೋಗುತ್ತಿದ್ದರು’. ಕನ್ನಡದ ಈ ಒಂದು ರೂಪ ಎರಡು ಕೆಲಸ ಮಾಡುತ್ತದೆ. ‘ನಾನು ನೋಡಿದಾಗ ಅವರು ಹೋಗುತ್ತಿದ್ದರು’ ಎಂಬಲ್ಲಿ ಆ ಕ್ಷಣದ ಕ್ರಿಯೆ. ‘ಆಗ ಪ್ರತಿವಾರ ಹೋಗುತ್ತಿದ್ದರು’ ಎಂಬಲ್ಲಿ ರೂಢಿ. ಇಂಗ್ಲಿಷಿನ ‘ವಾಸ್ ಗೋಯಿಂಗ್’ ಸಾಮಾನ್ಯವಾಗಿ ಮೊದಲ ಅರ್ಥಕ್ಕೆ ಮಾತ್ರ ಹೊಂದುತ್ತದೆ. ರೂಢಿಯನ್ನು ಹೇಳಲು ‘ಯೂಸ್ಡ್ ಟು ಗೋ’ ಅಥವಾ ಬರಿಯ ‘ವೆಂಟ್’ ಬೇಕು. ‘ಗಂಗೂಬಾಯಿ ವಾಸ್ ಗೋಯಿಂಗ್ ಟು ಕುಂದಗೋಳ’ ಎಂದಾಗ ಕೇಳುವವರು ‘ಆಮೇಲೇನಾಯಿತು?’ ಎಂದು ಕಾಯುತ್ತಾರೆ, ದಾರಿಯಲ್ಲಿ ಏನೋ ಘಟಿಸಿತೆಂಬಂತೆ.

ಎರಡನೆಯದು ‘ರೈಲಿನಲ್ಲಿ’. ಪ್ರಯಾಣದ ಸಾಧನ ಹೇಳುವಾಗ ‘ಬೈ ಟ್ರೇನ್’. ಮೂರನೆಯದು ಇನ್ನೂ ಸ್ವಾರಸ್ಯದ್ದು. ಕನ್ನಡದಲ್ಲಿ ಗುರುಗಳ ‘ಹತ್ತಿರ’ ಅಥವಾ ‘ಬಳಿ’ ಕಲಿಯುತ್ತಾರೆ. ಧಾರವಾಡದ ಮಾತಿನಲ್ಲಿ ಗುರುಗಳ ‘ಕಡೆ’ ಕಲಿಯುತ್ತಾರೆ. ಹಾಗೆಂದು ‘ನಿಯರ್ ಸವಾಯಿ ಗಂಧರ್ವ’ ಎಂದು ಬರೆದರೆ ಶಿಷ್ಯೆ ಪಕ್ಕದ ಮನೆಯಲ್ಲಿ ಕುಳಿತು ಕಲಿತಂತಾಗುತ್ತದೆ. ‘ಲರ್ನ್’ ಎಂಬ ಕ್ರಿಯಾಪದ ‘ಫ್ರಮ್’ ಬಯಸುತ್ತದೆ. ಇದೇ ‘ಕಡೆ’ ಇನ್ನೊಂದು ಕಡೆಯೂ ಕಾಡುತ್ತದೆ. ‘ನನ್ನ ಕಡೆ ರೊಕ್ಕ ಇಲ್ಲ’ ಎಂಬುದು ‘ಮನಿ ಈಸ್ ನಾಟ್ ವಿದ್ ಮಿ’ ಎಂದಾಗುತ್ತದೆ. ತಪ್ಪೆನ್ನಲಾಗದು, ಆದರೆ ಇಂಗ್ಲಿಷಿನ ಸಹಜ ರೀತಿ ‘ಐ ಹ್ಯಾವ್ ನೋ ಮನಿ’. ಈ ‘ಹ್ಯಾವ್’ ಸ್ವಾಧೀನದ ಅರ್ಥದಲ್ಲಿ ಬಂದಾಗ ‘ಇಂಗ್’ ಪ್ರತ್ಯಯ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ತಪ್ಪು. ‘ನೋ’, ‘ವಾಂಟ್’, ‘ಬಿಲಾಂಗ್’ ಕೂಡ ಇದೇ ಗುಂಪಿನವು. ‘ಗೊತ್ತು’, ‘ಬೇಕು’ ಎನ್ನುವಾಗ ಕನ್ನಡವೂ ಅವಕ್ಕೆ ‘ಉತ್ತ’ ಹಚ್ಚುವುದಿಲ್ಲ ಎಂಬುದನ್ನು ನೆನಪಿಟ್ಟರೆ ಸಾಕು.

1890ರಿಂದ, 135 ವರ್ಷಗಳಿಂದ

ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾದದ್ದು 1890ರಲ್ಲಿ. ‘ಸಂಘವು 1890ರಿಂದ ಕನ್ನಡಕ್ಕಾಗಿ ದುಡಿಯುತ್ತಿದೆ’ ಎನ್ನಬಹುದು. ‘135 ವರ್ಷಗಳಿಗೂ ಹೆಚ್ಚು ಕಾಲದಿಂದ ದುಡಿಯುತ್ತಿದೆ’ ಎಂದೂ ಹೇಳಬಹುದು. ಎರಡಕ್ಕೂ ಕನ್ನಡದಲ್ಲಿ ‘ಇಂದ’ ಒಂದೇ. ಇಂಗ್ಲಿಷ್ ಇಲ್ಲಿ ಎರಡು ಮಾಡುತ್ತದೆ. ಆರಂಭದ ಬಿಂದುವನ್ನು ಹೇಳಿದರೆ ‘ಸಿನ್ಸ್ 1890’, ಕಾಲದ ಉದ್ದವನ್ನು ಹೇಳಿದರೆ ‘ಫಾರ್ 135 ಇಯರ್ಸ್’. ಕ್ಯಾಲೆಂಡರ್ ಅಥವಾ ಗಡಿಯಾರದ ಮೇಲೆ ಬೆರಳಿಟ್ಟು ತೋರಿಸಬಹುದಾದರೆ ‘ಸಿನ್ಸ್’, ಎಣಿಸಬೇಕಾದರೆ ‘ಫಾರ್’ ಎಂದು ನೆನಪಿಡುವುದು ಸುಲಭ.

ಕ್ರಿಯಾಪದವೂ ಬದಲಾಗಬೇಕು. ಹಿಂದೆ ಶುರುವಾಗಿ ಇಂದಿಗೂ ಮುಂದುವರಿದಿರುವುದನ್ನು ಕನ್ನಡ ‘ದುಡಿಯುತ್ತಿದೆ’ ಎಂಬ ವರ್ತಮಾನದಲ್ಲೇ ಹೇಳಿ ಮುಗಿಸುತ್ತದೆ. ಇಂಗ್ಲಿಷಿಗೆ ‘ಹ್ಯಾಸ್ ಬೀನ್ ವರ್ಕಿಂಗ್’ ಬೇಕು. ಬೇಗ ಅರ್ಥವಾಗುವ ಉದಾಹರಣೆ ನವಲಗುಂದದ್ದೇ ಇದೆ. 1980ರಲ್ಲಿ ಅಲ್ಲಿನ ರೈತರು ಬಂಡೆದ್ದರು: ‘ದ ಫಾರ್ಮರ್ಸ್ ಆಫ್ ನವಲಗುಂದ ರೋಸ್ ಇನ್ 1980’. ವರ್ಷ ಇದೆ, ಘಟನೆ ಮುಗಿದಿದೆ, ಆದ್ದರಿಂದ ‘ರೋಸ್’. ಮಹದಾಯಿ ನೀರಿಗಾಗಿ ಅದೇ ರೈತರ ಕಾಯುವಿಕೆ ಮಾತ್ರ ಮುಗಿದಿಲ್ಲ: ‘ದೇ ಹ್ಯಾವ್ ಬೀನ್ ವೇಟಿಂಗ್ ಫಾರ್ ವಾಟರ್ ಫಾರ್ ಇಯರ್ಸ್’. ಇಲ್ಲಿ ‘ಫಾರ್’ ಎರಡು ಬಾರಿ ಬಂದಿದೆ. ಮೊದಲನೆಯದು ‘ವೇಟ್’ ಎಂಬ ಕ್ರಿಯಾಪದದ ಖಾಯಂ ಸಂಗಾತಿ, ಎರಡನೆಯದು ಕಾಲದ ಅಳತೆ.

ಬಸ್ಸಿನ ವೇಳಾಪಟ್ಟಿ

‘ಬಸ್ಸು ನವಲಗುಂದದಿಂದ ಹುಬ್ಬಳ್ಳಿಗೆ ಆರು ಗಂಟೆಗೆ ಹೊರಡುತ್ತದೆ.’ ವಿಭಕ್ತಿ ಪ್ರತ್ಯಯಗಳನ್ನು ಗಮನಿಸಬೇಕು: ಇಂದ, ಗೆ, ಗೆ. ಇಂಗ್ಲಿಷಿನಲ್ಲಿ ಇದು ‘ದ ಬಸ್ ಲೀವ್ಸ್ ನವಲಗುಂದ ಫಾರ್ ಹುಬ್ಬಳ್ಳಿ ಆ್ಯಟ್ ಸಿಕ್ಸ್’ ಎಂದಾಗುತ್ತದೆ. ‘ಇಂದ’ ಇದ್ದಲ್ಲಿ ಏನೂ ಇಲ್ಲ. ಮೊದಲ ‘ಗೆ’ ಇದ್ದಲ್ಲಿ ‘ಫಾರ್’, ಎರಡನೆಯ ‘ಗೆ’ ಇದ್ದಲ್ಲಿ ‘ಆ್ಯಟ್’. ‘ಲೀವ್’ ಬದಲಿಗೆ ‘ಗೋ’ ಬಳಸಿದರೆ ‘ಗೋಸ್ ಟು ಹುಬ್ಬಳ್ಳಿ’. ಬಸ್ಸು ತಲುಪಿದ ಮೇಲೆ ‘ರೀಚಸ್ ಹುಬ್ಬಳ್ಳಿ’, ‘ಟು’ ಬೇಡ. ಅದನ್ನೇ ‘ಅರೈವ್’ ಎಂದರೆ ‘ಅರೈವ್ಸ್ ಇನ್ ಹುಬ್ಬಳ್ಳಿ’, ನಿಲ್ದಾಣಕ್ಕಾದರೆ ‘ಆ್ಯಟ್ ದ ಬಸ್ ಸ್ಟ್ಯಾಂಡ್’.

ಅಂದರೆ ‘ಗೆ’ ಎಂದರೆ ‘ಟು’, ‘ಅಲ್ಲಿ’ ಎಂದರೆ ‘ಇನ್’, ‘ಇಂದ’ ಎಂದರೆ ‘ಫ್ರಮ್’ ಎಂಬ ಗೈಡುಗಳ ಸಮೀಕರಣ ಹೆಚ್ಚು ದೂರ ಒಯ್ಯುವುದಿಲ್ಲ. ಪ್ರಿಪೊಸಿಷನ್ ಯಾವುದೆಂದು ತೀರ್ಮಾನಿಸುವುದು ಕನ್ನಡದ ಪ್ರತ್ಯಯವಲ್ಲ, ಇಂಗ್ಲಿಷಿನ ಕ್ರಿಯಾಪದ. ಕನ್ನಡದಲ್ಲೂ ಇದು ಹೊಸದೇನಲ್ಲ. ಹಾವಿಗೆ ಅಂಜುತ್ತಾರೆ, ಹಾವನ್ನು ಅಂಜುವುದಿಲ್ಲ. ಮಳೆಯನ್ನು ನಂಬುತ್ತಾರೆ, ಮಳೆಗೆ ನಂಬುವುದಿಲ್ಲ. ಇದನ್ನು ಯಾರೂ ನಿಯಮವಾಗಿ ಕಲಿತದ್ದಲ್ಲ. ಕ್ರಿಯಾಪದದ ಜೊತೆಗೇ ಬಂದದ್ದು. ಇಂಗ್ಲಿಷಿನಲ್ಲೂ ‘ವೇಟ್ ಫಾರ್’, ‘ಲಿಸನ್ ಟು’, ‘ಡಿಪೆಂಡ್ ಆನ್’, ‘ಸಫರ್ ಫ್ರಮ್’ ಎಂದು ಜೋಡಿಯಾಗಿಯೇ ಕಲಿಯುವುದು ಲೇಸು.

ಉತ್ತರ ಕರ್ನಾಟಕದವರಿಗೆ ವಿಶೇಷವಾಗಿ ಕಾಡುವ ಒಂದು ಗುಂಪು ಇದೆ. ಮೈಸೂರು ಸೀಮೆಯಲ್ಲಿ ‘ಅವರನ್ನು ಕೇಳಿ’ ಎಂದರೆ ಇಲ್ಲಿ ‘ಅವರಿಗೆ ಕೇಳ್ರಿ’ ಎನ್ನುತ್ತಾರೆ. ‘ಅವರಿಗೆ ಕರೀರಿ’, ‘ಸಾಹೇಬರಿಗೆ ಭೆಟ್ಟಿ ಆಗ್ರಿ’ ಎಂಬುದೂ ಉಂಟು. ದ್ವಿತೀಯಾ ಇರಬೇಕಾದಲ್ಲಿ ಚತುರ್ಥಿ ಬರುವ ಈ ರೂಢಿ ನೇರವಾಗಿ ಇಂಗ್ಲಿಷಿಗೆ ಇಳಿದು ‘ಆಸ್ಕ್ ಟು ಹಿಮ್’, ‘ಕಾಲ್ ಟು ಹಿಮ್’, ‘ಮೀಟ್ ಟು ಹಿಮ್’ ಆಗುತ್ತದೆ. ಈ ಮೂರರಲ್ಲೂ ‘ಟು’ ತೆಗೆಯಬೇಕು. ‘ಹೇಳು’ ಎಂಬುದಕ್ಕೆ ಮಾತ್ರ ಎರಡು ದಾರಿ: ‘ಟೆಲ್ ಹಿಮ್’ ಎಂಬಲ್ಲಿ ‘ಟು’ ಇಲ್ಲ, ‘ಸೇ ಟು ಹಿಮ್’ ಎಂಬಲ್ಲಿ ಇದೆ. ‘ಎಕ್ಸ್‌ಪ್ಲೇನ್’ ಕೂಡ ‘ಸೇ’ಯ ದಾರಿಯನ್ನೇ ಹಿಡಿಯುತ್ತದೆ.

ಇನ್ನು ‘ಡಿಸ್ಕಸ್ ಅಬೌಟ್’. ವಿಷಯದ ‘ಬಗ್ಗೆ’ ಚರ್ಚಿಸುವ ಕನ್ನಡಿಗರಿಗೆ ಇದು ಸಹಜವೆನಿಸುತ್ತದೆ. ‘ಡಿಸ್ಕಸ್’ ಒಳಗೇ ‘ಬಗ್ಗೆ’ ಅಡಗಿದೆ. ಪರೀಕ್ಷೆಯಲ್ಲಿ ‘ಅಬೌಟ್’ ಬರೆದರೆ ಅಂಕ ಹೋಗುತ್ತದೆ. ಆದರೆ ಬೆಂಗಳೂರಿನ ಹವಾನಿಯಂತ್ರಿತ ಕಚೇರಿಗಳಲ್ಲಿ, ನೈಜೀರಿಯಾದಂಥ ದೇಶಗಳಲ್ಲಿ ಕೂಡ ಈ ಪ್ರಯೋಗ ಧಾರಾಳವಾಗಿ ಕೇಳಿಬರುತ್ತದೆ. ಕಲಘಟಗಿಯ ಹುಡುಗಿಯೊಬ್ಬಳೇ ಇದಕ್ಕಾಗಿ ತಲೆ ತಗ್ಗಿಸಬೇಕಾಗಿಲ್ಲ. ‘ಎಂಟರ್ ಇನ್‌ಟು ದ ರೂಮ್’, ‘ಮ್ಯಾರಿ ವಿದ್ ಹರ್’ ಎಂಬವೂ ಇದೇ ಜಾತಿಯ ತಪ್ಪುಗಳು.

ಜಮಖಾನ ಮತ್ತು ತೊಟ್ಟಿಲು

‘ಇಂದ’ ಪ್ರತ್ಯಯದ ಹರವು ತಿಳಿಯಲು ನವಲಗುಂದದ ಜಮಖಾನವನ್ನೇ ಬಿಡಿಸಿ ನೋಡಬಹುದು. ಅದು ಹತ್ತಿಯಿಂದ ಆದದ್ದು, ಹೆಣ್ಣುಮಕ್ಕಳಿಂದ ನೇಯಲ್ಪಟ್ಟದ್ದು, ನವಲಗುಂದದಿಂದ ಬಂದದ್ದು. ಕಚ್ಚಾವಸ್ತು ಕಣ್ಣಿಗೆ ಕಾಣುವಂತೆ ಉಳಿದಿದ್ದರೆ ‘ಮೇಡ್ ಆಫ್ ಕಾಟನ್’. ನೇಯ್ದವರನ್ನು ಹೇಳುವಾಗ ‘ವೋವನ್ ಬೈ ವಿಮೆನ್’. ಬಂದ ಊರನ್ನು ಹೇಳುವಾಗ ‘ಫ್ರಮ್ ನವಲಗುಂದ’. ಕಲಘಟಗಿಯ ಬಣ್ಣದ ತೊಟ್ಟಿಲೂ ‘ಮೇಡ್ ಆಫ್ ವುಡ್’. ಮರ ಮರವಾಗಿಯೇ ಇದೆ. ಅಕ್ಕಿ ರೂಪ ಬದಲಿಸಿ ಹಿಟ್ಟಾದರೆ ‘ಮೇಡ್ ಫ್ರಮ್ ರೈಸ್’. ತೊಟ್ಟಿಲಿಗೆ ಕುಂಚದಿಂದ ಬಣ್ಣ ಹಚ್ಚಿದರೆ ‘ವಿದ್ ಎ ಬ್ರಷ್’. ಒಂದು ‘ಇಂದ’ಕ್ಕೆ ಇಂಗ್ಲಿಷಿನಲ್ಲಿ ಆಫ್, ಬೈ, ಫ್ರಮ್, ವಿದ್, ಮೇಲೆ ಹೇಳಿದ ಸಿನ್ಸ್ ಮತ್ತು ಫಾರ್ ಸೇರಿದರೆ ಆರಾಯಿತು.

ಮಳೆ ಬಂದರೆ

ಎರೆಭೂಮಿಯ ರೈತ ‘ಮಳೆ ಬಂದರೆ ಬಿತ್ತುತ್ತೇವೆ’ ಎನ್ನುತ್ತಾನೆ. ಮಳೆ ಬರಬೇಕಾದದ್ದು ಮುಂದೆ. ‘ಬಂದರೆ’ ಹುಟ್ಟಿದ್ದು ‘ಬಂದು’ ಎಂಬ ಭೂತಕಾಲದ ಪ್ರಕೃತಿಯಿಂದ. ‘ಬಿತ್ತುತ್ತೇವೆ’ ಎಂಬುದು ವರ್ತಮಾನವೂ ಹೌದು, ಭವಿಷ್ಯವೂ ಹೌದು. ಕನ್ನಡ ಕ್ರಿಯಾಪದದಲ್ಲಿ ನಿಜವಾಗಿ ಇರುವುದು ಭೂತ ಮತ್ತು ಭೂತವಲ್ಲದ್ದು ಎಂಬ ಎರಡೇ ಕಾಲ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ ವಾದಿಸಿದ್ದು ಇಂಥ ರೂಪಗಳನ್ನು ನೋಡಿಯೇ. ಇಂಗ್ಲಿಷಿಗೆ ತರುವಾಗ ಕೆಲವರು ‘ಇಫ್ ಇಟ್ ರೇನ್ಡ್, ವಿ ವಿಲ್ ಸೋ’ ಎಂದು ಬರೆಯುತ್ತಾರೆ. ಭವಿಷ್ಯವಲ್ಲವೇ ಎಂದು ಯೋಚಿಸಿದವರು ‘ಇಫ್ ಇಟ್ ವಿಲ್ ರೇನ್’ ಎನ್ನುತ್ತಾರೆ. ಎರಡೂ ಸಲ್ಲವು. ‘ಇಫ್’ ಇರುವ ಭಾಗದಲ್ಲಿ ಸಾದಾ ವರ್ತಮಾನ, ಇನ್ನೊಂದು ಭಾಗದಲ್ಲಿ ‘ವಿಲ್’: ‘ಇಫ್ ಇಟ್ ರೇನ್ಸ್, ವಿ ವಿಲ್ ಸೋ’. ‘ವೆನ್’, ‘ಬಿಫೋರ್’, ‘ಆಫ್ಟರ್’, ‘ಅಂಟಿಲ್’ ಬಂದಾಗಲೂ ಮುಂದಿನ ಮಾತಿಗೆ ಇದೇ ಕ್ರಮ.

ಕನ್ನಡದ ಹಿಡಿತ ಇಂಗ್ಲಿಷಿಗೆ ಅಡ್ಡಿ ಎಂಬ ಮಾತನ್ನು ಪಾಲಕರು ಆಗಾಗ ಆಡುತ್ತಾರೆ. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರಾಗಿ, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿ ದುಡಿದರು. ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಬೇಕೆಂದ 1981ರ ವರದಿಯೂ ಅವರದೇ. ಅವರ ಬಗ್ಗೆ ಇಷ್ಟು ನೆನೆದರೆ ಆ ಮಾತಿಗೆ ಉತ್ತರ ಸಿಕ್ಕಂತೆ.

ಕೊನೆಗೆ ಉಳಿಯುವುದು ಅರ್ಜಿ. ಕೆಲಸಕ್ಕೆ ಅರ್ಜಿ ಹಾಕುತ್ತಾರೆ, ಬ್ಯಾಂಕಿಗೆ ಅರ್ಜಿ ಹಾಕುತ್ತಾರೆ, ಎರಡೂ ‘ಗೆ’. ಇಂಗ್ಲಿಷಿನಲ್ಲಿ ಹುದ್ದೆಗಾದರೆ ‘ಅಪ್ಲೈ ಫಾರ್’, ಸಂಸ್ಥೆಗಾದರೆ ‘ಅಪ್ಲೈ ಟು’. ‘ಐ ಪಾಸ್ಡ್ ಔಟ್ ಇನ್ 2022’ ಎಂಬುದು ನಮ್ಮಲ್ಲಿ ನಡೆಯುತ್ತದೆ. ಹೊರದೇಶದ ಕಂಪನಿಯವರು ಅದನ್ನು ‘2022ರಲ್ಲಿ ಪ್ರಜ್ಞೆ ತಪ್ಪಿ ಬಿದ್ದೆ’ ಎಂದು ಓದಬಹುದಾದ್ದರಿಂದ ‘ಐ ಗ್ರ್ಯಾಜುಯೇಟೆಡ್ ಇನ್ 2022’ ಎಂದು ಬರೆಯುವುದು ಕ್ಷೇಮ. ಇಂಗ್ಲಿಷ್ ಕಲಿಯುವವರಿಗೆಂದೇ ಸಿದ್ಧಪಡಿಸಿದ ನಿಘಂಟುಗಳು ಪ್ರತಿ ಕ್ರಿಯಾಪದದ ಕೆಳಗೆ ಅದರ ಪ್ರಿಪೊಸಿಷನ್ ಸಹಿತ ಉದಾಹರಣೆ ಕೊಡುತ್ತವೆ. ಅರ್ಥ ನೋಡಿ ಪುಟ ಮುಚ್ಚುವ ಬದಲು ಆ ಉದಾಹರಣೆಯನ್ನು, ಪಕ್ಕದಲ್ಲಿ ಅದರ ಕನ್ನಡ ರೂಪವನ್ನು, ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲಾಗಿ ಬರೆದಿಟ್ಟುಕೊಳ್ಳಬಹುದು. ‘ಗೆ’ ಎದುರು ‘ಟು’ ಅಲ್ಲದೆ ಬೇರೇನಾದರೂ ಕಂಡ ಸಾಲುಗಳ ಕೆಳಗೆ ಗೆರೆ ಎಳೆದುಕೊಂಡರೆ, ಪರೀಕ್ಷೆಯ ಹಿಂದಿನ ದಿನ ಓದಬೇಕಾದವು ಆ ಸಾಲುಗಳೇ.